2147483647: ಇದರಲ್ಲಿ ಅವಿಭಾಜ್ಯತೆಯ ಗುಣ ಯಾವುದು, ಬರಿಯ ಆಕಾರದ ಗುಣ ಯಾವುದು?

ಎಣಿಕೆಗಾರ
ಮೊನ್ನೆ ನಾನು ಬರೆದ ಪುಟ್ಟ ಪ್ರೋಗ್ರಾಂ ಒಂದರಲ್ಲಿ ಎಣಿಕೆ ಏರುತ್ತಾ ಹೋಗಿ 2147483647ಕ್ಕೆ ಬಂದಿತು. ಮುಂದಿನ ಹೆಜ್ಜೆಯಲ್ಲಿ −2147483648 ಎಂದು ತಲೆಕೆಳಗಾಗಿ ಬಿತ್ತು. ತಪ್ಪು ನನ್ನದೇ. 32 ಬಿಟ್‌ಗಳ ಪೂರ್ಣಾಂಕದಲ್ಲಿ, ಒಂದು ಬಿಟ್ ಚಿಹ್ನೆಗೆ ಹೋದ ಮೇಲೆ, ಇದಕ್ಕಿಂತ ದೊಡ್ಡದು ಹಿಡಿಸುವುದಿಲ್ಲ ಎಂಬುದು ಗೊತ್ತಿದ್ದೂ ಮರೆತಿದ್ದೆ. ಆದರೆ ಸಂಖ್ಯೆಯ ಬೆನ್ನು ಹತ್ತಿ ಹೋದಾಗ ಬೇರೆಯದೇ ಒಂದು ಸಂಗತಿ ಸಿಕ್ಕಿತು. ಇನ್ನೂರ ಹದಿನಾಲ್ಕು ಕೋಟಿ ಚಿಲ್ಲರೆಯ ಈ ಸಂಖ್ಯೆ 2³¹ − 1, ಇದು ಅವಿಭಾಜ್ಯ, ಮತ್ತು ಇದು ಅವಿಭಾಜ್ಯವೆಂದು ಗಣಿತಜ್ಞ ಆಯ್ಲರ್ 1772ರಲ್ಲಿಯೇ ತೋರಿಸಿದ್ದ.

ನನಗಿರುವುದು ಎರಡು ಪ್ರಶ್ನೆ. ಕಂಪ್ಯೂಟರಿನ ಮಿತಿಯಾಗಿ ಒಂದು ಅವಿಭಾಜ್ಯ ಸಂಖ್ಯೆಯೇ ಬಂದು ಕುಳಿತಿರುವುದಕ್ಕೆ ಏನಾದರೂ ಕಾರಣವಿದೆಯೇ? ಎರಡನೆಯದು, ಯಂತ್ರವಿಲ್ಲದ ಕಾಲದಲ್ಲಿ ಆಯ್ಲರ್ ಇದನ್ನು ಮಾಡಿದ್ದು ಹೇಗೆ? ನಾನು ಕಾಗದ ಹಿಡಿದು 3, 5, 7, 11 ಎಂದು ಭಾಗಿಸುತ್ತಾ ಹೊರಟೆ. 47ಕ್ಕೆ ಬರುವ ಹೊತ್ತಿಗೆ ಕೈ ಸೋತಿತು. ವರ್ಗಮೂಲ 46340ಕ್ಕಿಂತ ತುಸು ಹೆಚ್ಚು. ಅಲ್ಲಿಯವರೆಗೆ ಹೋಗಬೇಕೆಂದರೆ ಸುಮಾರು 4800 ಅವಿಭಾಜ್ಯಗಳಿಂದ ಭಾಗಿಸಬೇಕು.

ಶೇಷಪ್ಪ
ಮೊದಲ ಪ್ರಶ್ನೆಗೆ ಉತ್ತರ ಕಡ್ಡಿ ಮುರಿದಂತೆ: ಕಾರಣವಿಲ್ಲ, ಕಾಕತಾಳೀಯ. ಮಿತಿ 2³¹ − 1 ಆಗಿರುವುದು ದ್ವಿಮಾನ ಪದ್ಧತಿಯಿಂದ. ಅದು ಅವಿಭಾಜ್ಯವಾಗಿರುವುದು ಅದರ ಸ್ವಂತ ಅದೃಷ್ಟ. 16 ಬಿಟ್‌ಗಳ ಮಿತಿ 32767 ನೋಡಿ: 7 × 31 × 151. 64 ಬಿಟ್‌ಗಳ ಮಿತಿಯಾದ 2⁶³ − 1 ಅಂತೂ 7ರಿಂದ ಎರಡೆರಡು ಬಾರಿ ಭಾಗವಾಗುತ್ತದೆ. ಕಂಪ್ಯೂಟರಿಗೆ ಇದರ ಗೊಡವೆಯೇ ಇಲ್ಲ.

ಅರ್ಧವಿರಾಮ
ಪೂರ್ತಿ ಕಾಕತಾಳೀಯ ಎನ್ನಬೇಡಿ. ಘಾತಾಂಕ ಸಂಯುಕ್ತವಾಗಿದ್ದರೆ 2ರ ಘಾತದಿಂದ ಒಂದು ಕಳೆದದ್ದು ಖಂಡಿತ ಒಡೆಯುತ್ತದೆ. 15 = 3 × 5, ಆದ್ದರಿಂದ 32767ರೊಳಗೆ 2³ − 1 ಮತ್ತು 2⁵ − 1, ಅಂದರೆ 7 ಮತ್ತು 31, ಮೊದಲೇ ಕುಳಿತಿವೆ. 63 ಕೂಡ ಹಾಗೆಯೇ. 31 ಅವಿಭಾಜ್ಯ, ಹಾಗಾಗಿ ಆ ಅಪಾಯವಿಲ್ಲ. ಬಾಗಿಲು ತೆರೆದಿತ್ತು ಎನ್ನೋಣ, ಒಳಗೆ ಬಂದದ್ದು ಅದೃಷ್ಟ.

ಹಳೆಯ ಮೇಷ್ಟ್ರು
ತೆರೆದ ಬಾಗಿಲನ್ನು ನಂಬಿ ಎಡವಿದವರ ಕಥೆಯೇ ಇದೆ. ಇಟಲಿಯ ಗಣಿತಜ್ಞ ಕತಾಲ್ಡಿ 1588ರಲ್ಲಿ 2¹⁷ − 1 ಮತ್ತು 2¹⁹ − 1 ಅವಿಭಾಜ್ಯವೆಂದು ಸರಿಯಾಗಿ ಸಾಧಿಸಿದ. ಅದೇ ಉಮೇದಿನಲ್ಲಿ ಘಾತಾಂಕ 23, 29, 31, 37 ಇದ್ದರೂ ಅವಿಭಾಜ್ಯವೇ ಎಂದುಬಿಟ್ಟ. ನಾಲ್ಕರಲ್ಲಿ ನಿಂತದ್ದು 31 ಒಂದೇ. 23 ಮತ್ತು 37 ಅನ್ನು ಫರ್ಮಾ 1640ರಲ್ಲಿ ಉರುಳಿಸಿದ, 29 ಅನ್ನು ಆಯ್ಲರ್ 1738ರಲ್ಲಿ. ಅವಿಭಾಜ್ಯ ಕೊಡುವ ಘಾತಾಂಕಗಳೆಂದು ಮರ್ಸೆನ್ 1644ರಲ್ಲಿ ಕೊಟ್ಟ ಪಟ್ಟಿಯಲ್ಲಿ 31 ಇತ್ತು, ಆದರೆ ಅದರಲ್ಲಿ ತಪ್ಪಾಗಿ 67 ಮತ್ತು 257 ಕೂಡ ಇದ್ದವು. ಇರಬೇಕಾಗಿದ್ದ 61, 89, 107 ಇರಲಿಲ್ಲ. ಅಂದರೆ 1772ಕ್ಕೆ ಮುಂಚೆ 2147483647 ಅವಿಭಾಜ್ಯವೆಂದವರು ಇದ್ದರು, ಸಾಧಿಸಿ ತೋರಿಸಿದವರು ಇರಲಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆಗೆ ಬರುತ್ತೇನೆ. ಆಗ ಆಯ್ಲರ್‌ಗೆ ಕಣ್ಣು ಹೆಚ್ಚುಕಡಿಮೆ ಪೂರ್ತಿ ಹೋಗಿತ್ತು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ.

2³¹ − 1 ಅನ್ನು ಯಾವುದೋ ಅವಿಭಾಜ್ಯ ಸಂಖ್ಯೆ ‘ಕ’ ಭಾಗಿಸುತ್ತದೆ ಎಂದುಕೊಳ್ಳಿ. ಆಗ ‘ಕ’ದಿಂದ ಭಾಗಿಸಿದಾಗ 2³¹ರ ಶೇಷ 1. 2ರ ಘಾತಗಳ ಶೇಷವನ್ನು ಬರೆಯುತ್ತಾ ಹೋದರೆ 2, 4, 8, 16 ಎಂದು ಹೊರಟು, ಎಷ್ಟೋ ಹೆಜ್ಜೆಗೆ ಮೊದಲ ಬಾರಿಗೆ 1ಕ್ಕೆ ಮರಳುತ್ತದೆ. ಆ ಹೆಜ್ಜೆಗಳ ಸಂಖ್ಯೆ 31ನ್ನು ಭಾಗಿಸಬೇಕು. 31 ಅವಿಭಾಜ್ಯ, ಒಂದೇ ಹೆಜ್ಜೆಗೆ ಮರಳುವುದು ಸಾಧ್ಯವಿಲ್ಲ, ಆದ್ದರಿಂದ ಅದು ಸರಿಯಾಗಿ 31. ಇತ್ತ ಫರ್ಮಾನ ಪ್ರಮೇಯದಂತೆ ಕ − 1 ಹೆಜ್ಜೆಗೂ 1ಕ್ಕೆ ಮರಳಲೇಬೇಕು. ಹಾಗಾಗಿ ಕ − 1 ಎಂಬುದು 31ರ ಗುಣಕ. ‘ಕ’ ಬೆಸಸಂಖ್ಯೆಯಾದ್ದರಿಂದ 62ರ ಗುಣಕ.

ಇಷ್ಟಕ್ಕೇ ಬಿಟ್ಟರೆ ಅರ್ಧ ಕೆಲಸ. 2³¹ರ ಶೇಷ 1 ಎಂದಮೇಲೆ 2³²ರ ಶೇಷ 2. ಆದರೆ 2³² ಎಂಬುದು 2¹⁶ರ ವರ್ಗ. ಅಂದರೆ ‘ಕ’ದ ಶೇಷಗಳ ಲೋಕದಲ್ಲಿ 2 ಒಂದು ಪೂರ್ಣವರ್ಗ. 2 ಹೀಗೆ ವರ್ಗವಾಗುವುದು ‘ಕ’ವನ್ನು 8ರಿಂದ ಭಾಗಿಸಿದಾಗ ಶೇಷ 1 ಅಥವಾ 7 ಬಂದರೆ ಮಾತ್ರ. ಈಗ 62ರ ಗುಣಕಕ್ಕೆ ಒಂದು ಕೂಡಿದ ಸಂಖ್ಯೆಗಳು 248ರ ಲೆಕ್ಕದಲ್ಲಿ ನಾಲ್ಕು ಸಾಲುಗಳಾಗುತ್ತವೆ: 1, 63, 125, 187 ಶೇಷವಿರುವವು. 8ರಿಂದ ಭಾಗಿಸಿದರೆ ಕ್ರಮವಾಗಿ 1, 7, 5, 3 ಉಳಿಯುತ್ತದೆ. ಕೊನೆಯ ಎರಡು ಸಾಲು ಬಿದ್ದುಹೋದವು. 248ರ ಗುಣಕಕ್ಕೆ 1 ಅಥವಾ 63 ಕೂಡಿದವನ್ನು ಮಾತ್ರ ಪರೀಕ್ಷಿಸಿದರೆ ಸಾಕು. ಆಯ್ಲರ್ ಬರ್ನೂಲಿಗೆ ಬರೆದ ಪತ್ರದಲ್ಲಿ ಹೇಳಿರುವುದೂ ಈ ಎರಡು ಸಾಲುಗಳನ್ನೇ.

ಎಣಿಕೆಗಾರ
ಮೇಷ್ಟ್ರೇ, ಎರಡು ಬಾರಿ ಓದಿದೆ, ಮೂರನೆಯ ಬಾರಿಗೆ ಹತ್ತಿತು. 2 ವರ್ಗವಾಗುತ್ತದೆ ಎಂಬ ಜಾಗದಲ್ಲಿ ಬೆನ್ನು ನೆಟ್ಟಗಾಯಿತು.

ಎಣಿಸಿದೆ. 1ರ ಸಾಲಿನಲ್ಲಿ 249ರಿಂದ 46129ರವರೆಗೆ 186. 63ರ ಸಾಲಿನಲ್ಲಿ 63ರಿಂದ 46191ರವರೆಗೆ 187. ಒಟ್ಟು 373. ಆದರೆ ಆಯ್ಲರ್‌ನ ವಿಧಾನಕ್ಕೆ ಹೆಚ್ಚೆಂದರೆ 372 ಭಾಗಾಕಾರ ಎಂದು ಓದಿದ ನೆನಪು. ಒಂದು ಎಲ್ಲಿ ಹೋಯಿತು?

ಶೇಷಪ್ಪ
63 ಅವಿಭಾಜ್ಯವೇ?

ಎಣಿಕೆಗಾರ
ಅಯ್ಯೋ. 7 × 9. ಸರಿ, 372.

ಶೇಷಪ್ಪ
ಅದೂ ಹೆಚ್ಚೇ. ಸಾಲಿನಲ್ಲಿ 3, 5, 7ರಿಂದ ಭಾಗವಾಗುವವು ಎಷ್ಟೋ ಇವೆ, ಅವನ್ನೆಲ್ಲ ಬಿಡಬಹುದು. ಮೊದಲ ತುದಿಯಲ್ಲಿ 249 = 3 × 83, 497 = 7 × 71. ಕೊನೆಯ ತುದಿಯಲ್ಲಿ 46191 ಮೂರರಿಂದ ಹೋಗುತ್ತದೆ. 46129 ಮಾತ್ರ ಸ್ವಲ್ಪ ಸತಾಯಿಸಿತು, ಕೊನೆಗೆ 163 × 283 ಎಂದು ಒಡೆಯಿತು. ಉಳಿಯುವ ಅವಿಭಾಜ್ಯಗಳು ನೂರರೊಳಗೇ. 4800 ಎಲ್ಲಿ, ಇದೆಲ್ಲಿ!

ಇನ್ನೊಂದು ತಮಾಷೆ. 63ರ ಸಾಲಿನಲ್ಲಿ 2047 ಬರುತ್ತದೆ, 248 × 8 + 63. ಅದು 2¹¹ − 1, ಘಾತಾಂಕ ಅವಿಭಾಜ್ಯವಾಗಿದ್ದೂ ಒಡೆಯುವ ಮೊದಲ ಸಂಖ್ಯೆ: 23 × 89. ಮೇಷ್ಟ್ರು ಹೇಳಿದ ನಿಯಮ ಅದಕ್ಕೂ ಹೊಂದುತ್ತದೆ, 23 = 22 + 1, 89 = 4 × 22 + 1.

ಹಳೆಯ ಮೇಷ್ಟ್ರು
ಕತಾಲ್ಡಿಯ ಉಳಿದ ಮೂರನ್ನೂ ಇದೇ ನಿಯಮದಲ್ಲಿ ಹಾಕಿ ನೋಡಿ. ಘಾತಾಂಕ 23ಕ್ಕೆ 46ರ ಗುಣಕಕ್ಕೆ ಒಂದು ಕೂಡಿದವು ಬೇಕು; ಮೊದಲ ಹೆಜ್ಜೆಯ 47 ಅದನ್ನು ಭಾಗಿಸುತ್ತದೆ. 37ಕ್ಕೆ 74ರ ಗುಣಕ. ಮೂರನೆಯ ಹೆಜ್ಜೆಯ 223 ಭಾಗಿಸುತ್ತದೆ. 29ಕ್ಕೆ 58ರ ಗುಣಕ. ನಾಲ್ಕನೆಯ ಹೆಜ್ಜೆಯ 233 ಭಾಗಿಸುತ್ತದೆ. ಮೂರೂ ನಾಲ್ಕು ಹೆಜ್ಜೆಯೊಳಗೇ ಬಿದ್ದವು. 31 ಮಾತ್ರ ಕೊನೆಯವರೆಗೂ ಅಲುಗಲಿಲ್ಲ. ತರಗತಿಯಲ್ಲಿ ಇದನ್ನು ಹಲಗೆಯ ಮೇಲೆ ಮಾಡುವಾಗ ನನಗೆ ಪ್ರತಿ ಸಲವೂ ಒಂದು ಬಗೆಯ ಸಂಭ್ರಮ.

ತುಂಟಶೂನ್ಯ
ಇಷ್ಟೆಲ್ಲ ಕಷ್ಟ ಏಕೆ? ನಾನು ಈಗಷ್ಟೇ ಪ್ರೋಗ್ರಾಂನಲ್ಲಿ ಫರ್ಮಾ ಪರೀಕ್ಷೆ ಮಾಡಿದೆ. 2ರ ಘಾತ 2147483646 ತೆಗೆದು 2147483647ರಿಂದ ಭಾಗಿಸಿದರೆ ಶೇಷ 1. ಒಂದು ಸೆಕೆಂಡೂ ಹಿಡಿಯಲಿಲ್ಲ. ಅವಿಭಾಜ್ಯ, ಮುಗಿಯಿತು.

ಅರ್ಧವಿರಾಮ
ಮುಗಿಯಲಿಲ್ಲ. ಅದೇ ಪರೀಕ್ಷೆಯನ್ನು 2047ಕ್ಕೆ ಮಾಡಿ, ಅಲ್ಲಿಯೂ ಶೇಷ 1 ಬರುತ್ತದೆ. 2¹¹ರ ಶೇಷ 1, ಮತ್ತು 2046 ಎಂಬುದು 11ರ ಗುಣಕ (11 × 186), ಬಂದೇ ಬರುತ್ತದೆ. ಘಾತಾಂಕ ಅವಿಭಾಜ್ಯವಾಗಿರುವ ಈ ಜಾತಿಯ ಎಲ್ಲ ಸಂಖ್ಯೆಗಳೂ 2ನ್ನು ಆಧಾರವಾಗಿಟ್ಟ ಪರೀಕ್ಷೆಯಲ್ಲಿ ಪಾಸು, ಒಡೆಯುವವು ಕೂಡ. ನೀವು ಕಳ್ಳನನ್ನೇ ಸಾಕ್ಷಿಗೆ ಕರೆದಿದ್ದೀರಿ. 3ನ್ನು ಆಧಾರವಾಗಿಟ್ಟರೆ 2047 ಸಿಕ್ಕಿಬೀಳುತ್ತದೆ, ಆದರೆ ಆ ಪರೀಕ್ಷೆಯೂ ಬೀಳಿಸಬಲ್ಲದೇ ಹೊರತು ಸಾಧಿಸಲಾರದು.

ತುಂಟಶೂನ್ಯ
ಒಪ್ಪಿದೆ. ಹಾಗಾದರೆ ಭಾಗಿಸದೆಯೇ ಸಾಧಿಸುವ ದಾರಿ ಇದೆಯೇ?

ಶೇಷಪ್ಪ
ಇದೆ. ಲ್ಯೂಕಾ ಹತ್ತೊಂಬತ್ತನೆಯ ಶತಮಾನದಲ್ಲಿ ಕಂಡುಕೊಂಡು, ಲೇಮರ್ ಮುಂದಿನ ಶತಮಾನದಲ್ಲಿ ಒಪ್ಪಮಾಡಿದ್ದು. 4ರಿಂದ ಹೊರಡಿ. ವರ್ಗ ಮಾಡಿ 2 ಕಳೆಯಿರಿ, ಶೇಷ ತೆಗೆಯಿರಿ, ಮತ್ತೆ ಅದೇ. ಘಾತಾಂಕಕ್ಕಿಂತ ಎರಡು ಕಡಿಮೆ ಬಾರಿ ಮಾಡಿದಾಗ ಸರಿಯಾಗಿ ಸೊನ್ನೆ ಬಂದರೆ ಅವಿಭಾಜ್ಯ, ಬಾರದಿದ್ದರೆ ಇಲ್ಲ. ಇದು ಎರಡೂ ಕಡೆಯ ತೀರ್ಪು, ಅನುಮಾನಕ್ಕೆ ಎಡೆಯಿಲ್ಲ.

127ಕ್ಕೆ ಮಾಡಿ ತೋರಿಸುತ್ತೇನೆ: 4, 14, 67, 42, 111, 0. ಕೊನೆಯ ಹೆಜ್ಜೆ: 111ರ ವರ್ಗ 12321, ಎರಡು ಕಳೆದರೆ 12319, ಅದು 127 × 97. ಐದು ಹೆಜ್ಜೆ, ಸೊನ್ನೆ. 2047ಕ್ಕೆ ಒಂಬತ್ತು ಹೆಜ್ಜೆ ಮಾಡಿದರೆ 1736 ಬರುತ್ತದೆ, ಸೊನ್ನೆಯಲ್ಲ. ನಮ್ಮ ಸಂಖ್ಯೆಗೆ 29 ಹೆಜ್ಜೆ, ಕೊನೆಗೆ ಸೊನ್ನೆ. 2024ರ ಅಕ್ಟೋಬರಿನಲ್ಲಿ ಘೋಷಿಸಲಾದ, ನಾಲ್ಕು ಕೋಟಿ ಹತ್ತು ಲಕ್ಷ ಅಂಕಿಗಳ, ಘಾತಾಂಕ 136279841 ಇರುವ ಸಂಖ್ಯೆಗೂ ಇದೇ ಪರೀಕ್ಷೆಯಿಂದಲೇ ಮುದ್ರೆ ಬಿದ್ದದ್ದು.

ತುಂಟಶೂನ್ಯ
ಅಷ್ಟು ದೊಡ್ಡದು ಸಿಕ್ಕಿರುವಾಗ ಹತ್ತಂಕಿಯ ಈ ಮುದುಕನನ್ನು ದೊಡ್ಡ ಸಂಖ್ಯೆ ಎನ್ನುವುದು ತಮಾಷೆ.

ಹಳೆಯ ಮೇಷ್ಟ್ರು
ಮುದುಕನಿಗೂ ಒಂದು ಕಾಲವಿತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗದವರೆಗೂ ಗೊತ್ತಿದ್ದ ಅವಿಭಾಜ್ಯಗಳಲ್ಲಿ ಅತಿ ದೊಡ್ಡದು ಇದೇ. ಇದನ್ನು 2³⁰ರಿಂದ ಗುಣಿಸಿದರೆ ಎಂಟನೆಯ ಪರಿಪೂರ್ಣ ಸಂಖ್ಯೆ ಸಿಗುತ್ತದೆ: 2305843008139952128. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿದರೆ ತಾನೇ ಆಗುವ ಸಂಖ್ಯೆ. ಇಂಗ್ಲೆಂಡಿನ ಬಾರ್ಲೋ 1811ರಲ್ಲಿ ಬರೆದ: ಇದಕ್ಕಿಂತ ದೊಡ್ಡ ಪರಿಪೂರ್ಣ ಸಂಖ್ಯೆ ಮುಂದೆಂದೂ ಸಿಗಲಾರದು, ಏಕೆಂದರೆ ಇವು ಕುತೂಹಲದ ವಸ್ತುಗಳೇ ಹೊರತು ಉಪಯೋಗಕ್ಕೆ ಬಾರದವು, ಯಾರು ತಾನೇ ಹುಡುಕುತ್ತಾರೆ ಎಂದು. ಉಪಯೋಗವಿಲ್ಲ ಎಂಬುದಕ್ಕಿಂತ, ಉಪಯೋಗವಿಲ್ಲದ್ದನ್ನು ಯಾರೂ ಹುಡುಕುವುದಿಲ್ಲ ಎಂದುಕೊಂಡನಲ್ಲ, ಅಲ್ಲಿ ಅವನು ಸೋತ.

ಯಂತ್ರದ ಕಡೆಯವ
ಉಪಯೋಗದ ಮಾತು ಬಂದಿತಲ್ಲ, ನನ್ನ ಪಾಲಿನ ಎರಡು ಮಾತು. ಈ ಸಂಖ್ಯೆಯಿಂದ ಭಾಗಿಸಿ ಶೇಷ ತೆಗೆಯಲು ಭಾಗಾಕಾರವೇ ಬೇಡ. 999ರ ಉದಾಹರಣೆ ನೋಡಿ: 123456 ಅನ್ನು 123 ಮತ್ತು 456 ಎಂದು ಕತ್ತರಿಸಿ ಕೂಡಿದರೆ 579, ಅದೇ ಶೇಷ. ಒಂಬತ್ತರ ಶೇಷಕ್ಕೆ ಅಂಕಿಗಳನ್ನು ಕೂಡುತ್ತೇವಲ್ಲ, ಅದೇ ತಂತ್ರ. ನಮ್ಮ ಸಂಖ್ಯೆ ದ್ವಿಮಾನದಲ್ಲಿ 31 ಒಂದುಗಳ ಸಾಲು, ಅಂದರೆ ಆ ಪದ್ಧತಿಯ 999. ಕೆಳಗಿನ 31 ಬಿಟ್ ಒಂದು ಕಡೆ, ಮೇಲಿನವು ಇನ್ನೊಂದು ಕಡೆ, ಕೂಡಿದರೆ ಆಯಿತು.

ಇದನ್ನು ನೆಚ್ಚಿಕೊಂಡು ಕಟ್ಟಿದ ಯಾದೃಚ್ಛಿಕ ಸಂಖ್ಯೆಗಳ ಯಂತ್ರ 1969ರಿಂದಲೂ ಇದೆ. 1988ರಲ್ಲಿ ಪಾರ್ಕ್ ಮತ್ತು ಮಿಲ್ಲರ್ ಅದನ್ನೇ ಕನಿಷ್ಠ ಮಾನದಂಡ ಎಂದು ಕರೆದರು. 1ರಿಂದ ಹೊರಟು ಪ್ರತಿ ಸಲ 16807ರಿಂದ ಗುಣಿಸು, 2147483647ರಿಂದ ಭಾಗಿಸಿ ಶೇಷ ಉಳಿಸಿಕೊ. 16807, 282475249, 1622650073 ಎಂದು ಹೋಗುತ್ತದೆ. ಹತ್ತುಸಾವಿರದ ಹೆಜ್ಜೆಯಲ್ಲಿ 1043618065 ಬಂದರೆ ನಿಮ್ಮ ಪ್ರೋಗ್ರಾಂ ಸರಿ. ಗುಟ್ಟು ಕಾಪಾಡುವ ಕೆಲಸಕ್ಕೆ ಮಾತ್ರ ಇದನ್ನು ಬಳಸಬೇಡಿ, ಒಂದು ಸಂಖ್ಯೆ ಸಿಕ್ಕರೆ ಮುಂದಿನವೆಲ್ಲ ಸಿಕ್ಕಂತೆ.

ಎಣಿಕೆಗಾರ
16807 ಏಕೆ? ಎಲ್ಲಿಂದ ಬಂತು?

ಯಂತ್ರದ ಕಡೆಯವ
7ರ ಐದನೆಯ ಘಾತ. 7ರ ಘಾತಗಳು ಈ ಲೋಕದಲ್ಲಿ 1ರಿಂದ 2147483646ರವರೆಗಿನ ಎಲ್ಲ ಸಂಖ್ಯೆಗಳನ್ನೂ, ಒಂದನ್ನೂ ಬಿಡದೆ, ಒಂದೊಂದೇ ಬಾರಿ ಮುಟ್ಟಿ ಬರುತ್ತವೆ. ಇಂಥದ್ದನ್ನು ಪ್ರಿಮಿಟಿವ್ ರೂಟ್ ಎನ್ನುತ್ತಾರೆ. ನಾನು ಜನಕಮೂಲ ಎನ್ನುತ್ತೇನೆ, ನಿಮಗೆ ಬೇರೆ ಹೆಸರು ಹೊಳೆದರೆ ಹೇಳಿ. 7ಕ್ಕಿಂತ ಚಿಕ್ಕವು ಯಾವುವೂ ಜನಕಮೂಲವಲ್ಲ. 2 ಅಂತೂ 31 ಹೆಜ್ಜೆಗೇ ಮನೆಗೆ ಮರಳುತ್ತದೆ.

ಅದನ್ನು ಪರೀಕ್ಷಿಸುವುದು ಹೇಗೆಂದರೆ, ಒಂದು ಕಳೆದ ಸಂಖ್ಯೆಯನ್ನು ಒಡೆಯಿರಿ: 2147483646 = 2 × 3² × 7 × 11 × 31 × 151 × 331. ಇದರಲ್ಲಿ ಏಳು ಬೇರೆ ಬೇರೆ ಅವಿಭಾಜ್ಯಗಳು. ಒಂದೊಂದರಿಂದ 2147483646 ಅನ್ನು ಭಾಗಿಸಿ, ಬಂದ ಭಾಗಲಬ್ಧವನ್ನು 7ರ ಘಾತಾಂಕವಾಗಿಡಿ. ಏಳು ಬಾರಿಯೂ ಶೇಷ 1 ಆಗದಿದ್ದರೆ 7 ಜನಕಮೂಲ. ಈ ಪಟ್ಟಿಯಲ್ಲಿ 5 ಇಲ್ಲವಾದ್ದರಿಂದ 7ರ ಐದನೆಯ ಘಾತವೂ ಜನಕಮೂಲವೇ.

ತುಂಟಶೂನ್ಯ
ನಿಲ್ಲಿ. ನೀವು ಹೇಳಿದ ಮೊದಲ ಗುಣ, ಕತ್ತರಿಸಿ ಕೂಡುವುದು, 2²⁹ − 1ಕ್ಕೂ ಇದೆ, ಅದು ಒಡೆಯುವ ಸಂಖ್ಯೆಯಾದರೂ. ಮೇಷ್ಟ್ರು ಹೇಳಿದ ವರ್ಗಮೂಲದ ಮಾತೂ ಹಾಗೆಯೇ. ಇವೆಲ್ಲ ಅವಿಭಾಜ್ಯದ ಗುಣಗಳೇ ಅಲ್ಲ, ಬರಿಯ ಆಕಾರದವು, ಅಂದರೆ 2ರ ಘಾತದಿಂದ ಒಂದು ಕಳೆದದ್ದು ಎಂಬುದರಿಂದಲೇ ಬಂದವು. ಸುಮ್ಮನೆ ಅವಿಭಾಜ್ಯ, ಅವಿಭಾಜ್ಯ ಎಂದು ಕುಣಿಯುತ್ತಿದ್ದೇವೆ.

ಅರ್ಧವಿರಾಮ
ಇಷ್ಟು ಹೊತ್ತಿಗೆ ನೀವು ಹೇಳಿದ ಅತ್ಯುತ್ತಮ ಮಾತು ಇದು. ಗೆರೆ ಎಳೆದು ನೋಡೋಣ.

ಈ ಸಂಖ್ಯೆಯ ಲೋಕದಲ್ಲಿ 2ರ ವರ್ಗಮೂಲ 65536, ಏಕೆಂದರೆ ಅದರ ವರ್ಗ 2³², ಅದರ ಶೇಷ 2. ಇದು ಆಕಾರದ ಕೊಡುಗೆ. 2²⁹ − 1ರ ಲೋಕದಲ್ಲಿಯೂ 2ಕ್ಕೆ ವರ್ಗಮೂಲವಿದೆ, 2¹⁵. ಶೇಷವನ್ನು ಬೇಗ ತೆಗೆಯುವುದೂ ಆಕಾರದ್ದೇ. ಆದರೆ ಸೊನ್ನೆಯಲ್ಲದ ಪ್ರತಿ ಸಂಖ್ಯೆಗೂ ವಿಲೋಮ ಇರುವುದು, ಅಂದರೆ ಯಾವುದರಿಂದ ಬೇಕಾದರೂ ಭಾಗಿಸಬಹುದು ಎನ್ನುವುದು, ಅವಿಭಾಜ್ಯತೆಯದು. 2²⁹ − 1ರಲ್ಲಿ 233ಕ್ಕೆ ವಿಲೋಮವೇ ಇಲ್ಲ. ಒಂದೇ ಸಂಖ್ಯೆಯ ಘಾತಗಳು ಇಡೀ ಲೋಕವನ್ನು ಸುತ್ತಿ ಬರುವುದೂ ಅವಿಭಾಜ್ಯತೆಯದೇ, ಅಲ್ಲಿ ಯಾವ ಜನಕಮೂಲವೂ ಸಿಗುವುದಿಲ್ಲ.

ಎರಡೂ ಕೈಜೋಡಿಸಿದಾಗಲೇ ಸೊಗಸು. ಯಾವ ಸಂಖ್ಯೆಯಾದರೂ ಈ ಲೋಕದಲ್ಲಿ ವರ್ಗವಾಗಿದ್ದರೆ ಅದರ ವರ್ಗಮೂಲ ಬೇಕೇ? ಅದನ್ನು 29 ಬಾರಿ ವರ್ಗ ಮಾಡುತ್ತಾ ಹೋಗಿ, ಸಿಕ್ಕಿತು. ವರ್ಗ ಮಾಡಿ ಮಾಡಿ ವರ್ಗಮೂಲಕ್ಕೆ ತಲಪುವುದು! ಅವಿಭಾಜ್ಯ ಸಂಖ್ಯೆಯನ್ನು 4ರಿಂದ ಭಾಗಿಸಿದಾಗ ಶೇಷ 3 ಇದ್ದರೆ, ಒಂದು ಕೂಡಿ ನಾಲ್ಕರಿಂದ ಭಾಗಿಸಿ ಬಂದದ್ದನ್ನು ಘಾತಾಂಕ ಮಾಡಿದರೆ ವರ್ಗಮೂಲ ಬರುತ್ತದೆ. ಅದು ಅವಿಭಾಜ್ಯತೆಯ ಕೆಲಸ. ಆ ಘಾತಾಂಕ ಇಲ್ಲಿ ಸರಿಯಾಗಿ 2²⁹ ಆಗಿರುವುದು ಆಕಾರದ ಕೆಲಸ.

ಹಳೆಯ ಮೇಷ್ಟ್ರು
ಹಾಗಾದರೆ ಇದನ್ನು ಯಾವ ಕಡೆಗೆ ಹಾಕುತ್ತೀರಿ, ಹೇಳಿ:

2147483647 = 43968² + 7 × 5533²

ಎಣಿಕೆಗಾರ
ಗುಣಿಸಿ ನೋಡಿದೆ. 1933185024 ಮತ್ತು 214298623. ಕೂಡಿದರೆ ಸರಿಯಾಗಿದೆ. ಆದರೆ ಇದರಲ್ಲಿ ಏನಿದೆ? ಎಷ್ಟೋ ಸಂಖ್ಯೆಗಳನ್ನು ಹೀಗೆ ಬರೆಯಬಹುದಲ್ಲ.

ಹಳೆಯ ಮೇಷ್ಟ್ರು
ಬರೆಯಬಹುದು. 7ರಿಂದ ಭಾಗಿಸಿದಾಗ ಶೇಷ 1, 2 ಅಥವಾ 4 ಬರುವ ಯಾವುದೇ ಬೆಸ ಅವಿಭಾಜ್ಯವನ್ನೂ ಹೀಗೆ, ಒಂದೇ ಒಂದು ರೀತಿಯಲ್ಲಿ, ಬರೆಯಬಹುದು. ನಮ್ಮ ಸಂಖ್ಯೆಗೆ ಆ ಶೇಷ 1. ಘಾತಾಂಕವನ್ನು 3ರಿಂದ ಭಾಗಿಸಿದಾಗ 1 ಉಳಿದರೆ ಹಾಗಾಗುತ್ತದೆ. ಅಂಥ ಮೊದಲ ನಾಲ್ಕು ಇಲ್ಲಿವೆ:

127 = 8² + 7 × 3²
8191 = 48² + 7 × 29²
524287 = 720² + 7 × 29²
2147483647 = 43968² + 7 × 5533²

ಪ್ರತಿ ಸಾಲಿನಲ್ಲಿ ಮೊದಲು ವರ್ಗವಾಗುವ ಸಂಖ್ಯೆಯನ್ನು ನೋಡಿ: 8, 48, 720, 43968.

ಶೇಷಪ್ಪ
ಎಲ್ಲವೂ 8ರ ಗುಣಕ! 43968 = 8 × 5496. ಎರಡರಲ್ಲಿ 29 ಬಂದಿರುವುದು ಕಾಕತಾಳೀಯವೋ?

ಹಳೆಯ ಮೇಷ್ಟ್ರು
29 ಬರಿಯ ಕಾಕತಾಳೀಯ, ಅದರ ಹಿಂದೆ ಹೋಗಬೇಡಿ. 8 ಹಾಗಲ್ಲ. ಲೆಮ್ಮರ್‌ಮಾಯರ್ ಎಂಬ ಗಣಿತಜ್ಞರ ಕಣ್ಣಿಗೆ ಇದು ಬಿದ್ದಿತು. ಯಾವಾಗಲೂ ಹೀಗೆಯೇ ಎಂದು ಲೆನ್‌ಸ್ಟ್ರಾ ಮತ್ತು ಸ್ಟೀವನ್‌ಹಾಗನ್ ಸಾಧಿಸಿದರು. ಅದಕ್ಕೆ ಅವರು ಬಳಸಿದ್ದು ಆರ್ಟಿನ್‌ನ ವ್ಯುತ್ಕ್ರಮ ನಿಯಮ, ಇಪ್ಪತ್ತನೆಯ ಶತಮಾನದ ಸಂಖ್ಯಾಶಾಸ್ತ್ರದ ಭಾರೀ ಆಯುಧ.

ಅರ್ಧವಿರಾಮ
ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ. ಸಾಮಾನ್ಯ ಲೆಕ್ಕದಿಂದ ಎಲ್ಲಿಯವರೆಗೆ ಹೋಗಬಹುದು ನೋಡೋಣ.

ಸಂಖ್ಯೆ = ಅ² + 7ಬ² ಎಂದಿರಲಿ. ಎಡಗಡೆ ಬೆಸ, ಹಾಗಾಗಿ ಅ, ಬ ಎರಡರಲ್ಲಿ ಒಂದು ಸಮ, ಒಂದು ಬೆಸ. 8ರಿಂದ ಭಾಗಿಸಿದರೆ ಎಡಗಡೆಯ ಶೇಷ 7. ‘ಅ’ ಬೆಸವಾದರೆ ಬಲಗಡೆ 1 ಅಥವಾ 5 ಉಳಿಯುತ್ತದೆ, ಹೊಂದುವುದಿಲ್ಲ. ಆದ್ದರಿಂದ ‘ಅ’ ಸಮ, ‘ಬ’ ಬೆಸ. ಬೆಸ ಸಂಖ್ಯೆಯ ವರ್ಗದ ಶೇಷ 1, ಅಂದರೆ 7ಬ²ದ ಶೇಷ 7. ಹಾಗಾದರೆ ಅ² ಎಂಬುದು 8ರ ಗುಣಕವಾಗಬೇಕು, ಅಲ್ಲಿಗೆ ‘ಅ’ 4ರ ಗುಣಕ.

ಇಲ್ಲಿಯವರೆಗೆ ಅಂಗೈ ನೆಲ್ಲಿಕಾಯಿ. 16ರಿಂದ ಭಾಗಿಸಿ ನೋಡಿದರೆ, ‘ಬ’ವನ್ನು 8ರಿಂದ ಭಾಗಿಸಿದಾಗ ಶೇಷ 3 ಅಥವಾ 5 ಎಂದು ಸಿಗುತ್ತದೆ. 32ರಿಂದ ಭಾಗಿಸಿದರೆ ಸ್ವಾರಸ್ಯ: ‘ಅ’ 8ರ ಗುಣಕವಾಗುವುದೂ, ‘ಬ’ವನ್ನು 16ರಿಂದ ಭಾಗಿಸಿದಾಗ ಶೇಷ 3 ಅಥವಾ 13 ಬರುವುದೂ ಒಂದೇ ಮಾತು. 3ರ ಶೇಷ 3. 29ರ ಶೇಷ 13. 5533ರ ಶೇಷವೂ 13. ಸರಿಯಾಗಿದೆ. ಆದರೆ 5 ಅಥವಾ 11 ಏಕೆ ಬರಬಾರದು ಎಂದು ಈ ದಾರಿಯಲ್ಲಿ ತೋರಿಸಲಾಗುತ್ತಿಲ್ಲ. 64, 128 ಎಂದು ಮುಂದಕ್ಕೆ ಹೋದೆ, ಸುತ್ತಿ ಸುತ್ತಿ ಅಲ್ಲಿಗೇ ಬರುತ್ತೇನೆ. ನಾಲ್ಕರಿಂದ ಎಂಟಕ್ಕೆ ಏರಲು ಒಂದೇ ಮೆಟ್ಟಿಲು, ಆದರೆ ನನ್ನ ಬಳಿ ಏಣಿಯಿಲ್ಲ.

ಹಳೆಯ ಮೇಷ್ಟ್ರು
ಆ ಮೆಟ್ಟಿಲೇ ಆರ್ಟಿನ್. 31ರ ಬಗ್ಗೆ ಮಾತ್ರವಾದರೆ ಗುಣಿಸಿ ನೋಡಿದರಾಯಿತು. ಇಂಥ ಎಲ್ಲ ಅವಿಭಾಜ್ಯಗಳಿಗೂ ಎಂದಾಗಲೇ ಅಷ್ಟು ಮೇಲೆ ಹೋಗಬೇಕಾದದ್ದು. ನಾನು ಕೇಳಿದ ಪ್ರಶ್ನೆಗೆ ನೀವು ಉತ್ತರಿಸಿಲ್ಲ ಎಂಬುದನ್ನು ಗಮನಿಸಿದ್ದೇನೆ.

ಅರ್ಧವಿರಾಮ
ಎರಡೂ ಕಡೆಗೆ. ಹೀಗೆ ಬರೆಯಲು ಬರುವುದೂ, ಒಂದೇ ರೀತಿಯಲ್ಲಿ ಬರುವುದೂ ಅವಿಭಾಜ್ಯತೆಯಿಂದ. 4ರ ಗುಣಕವಾಗಿರುವುದು ಆಕಾರದಿಂದ. 8ರ ಗುಣಕ ಏಕೆ ಎಂಬುದು ನನಗೆ ಇನ್ನೂ ಮೈಗೆ ಹತ್ತಿಲ್ಲ, ಆದ್ದರಿಂದ ಅದನ್ನು ಯಾವ ಬುಟ್ಟಿಗೂ ಹಾಕುವುದಿಲ್ಲ.

ತುಂಟಶೂನ್ಯ
ನನಗೊಂದು ಆಸೆ. 3, 7, 31, 127 ಎಲ್ಲವೂ ಈ ಜಾತಿಯ ಅವಿಭಾಜ್ಯಗಳು. ಅವನ್ನೇ ಘಾತಾಂಕವಾಗಿಟ್ಟರೆ ಮತ್ತೆ ಅವಿಭಾಜ್ಯವೇ ಸಿಗುತ್ತದೆ. ನಮ್ಮ ಸಂಖ್ಯೆ ಹುಟ್ಟಿದ್ದೂ 5ರಿಂದ 31, 31ರಿಂದ ಇದು ಎಂದು. ಹಾಗಾದರೆ 2147483647 ಅನ್ನೇ 2ರ ಘಾತಾಂಕವಾಗಿಟ್ಟು ಒಂದು ಕಳೆದರೆ?

ಶೇಷಪ್ಪ
ಆ ಸರಪಳಿ 8191ರಲ್ಲೇ ಕಡಿಯುತ್ತದೆ, ಅದನ್ನು ಘಾತಾಂಕವಾಗಿಟ್ಟರೆ ಸಿಗುವುದು ಒಡೆಯುವ ಸಂಖ್ಯೆ. ನೀವು ಹೇಳಿದ ಸಂಖ್ಯೆಗೆ 64 ಕೋಟಿ 64 ಲಕ್ಷಕ್ಕೂ ಹೆಚ್ಚು ಅಂಕಿಗಳು, ಬರೆದು ಮುಗಿಸುವುದೇ ಆಗದು. ಆದರೂ ಅದು ಒಡೆಯುತ್ತದೆ ಎಂಬುದು ಗೊತ್ತು. 295257526626031 ಅದನ್ನು ಭಾಗಿಸುತ್ತದೆ.

ಮೇಷ್ಟ್ರ ನಿಯಮ ಇಲ್ಲಿಯೂ ನಡೆಯುತ್ತದೆ, ಪರೀಕ್ಷಿಸಿದೆ: ಒಂದು ಕಳೆದರೆ 2147483647 × 137490. ಎಂಟರಿಂದ ಭಾಗಿಸಿದರೆ ಶೇಷ 7. ಭಾಗಿಸುತ್ತದೆ ಎಂದು ಖಚಿತಪಡಿಸಿಕೊಳ್ಳಲು ಆ ದೈತ್ಯ ಸಂಖ್ಯೆಯನ್ನು ಮುಟ್ಟುವುದೇ ಬೇಡ. 2ರಿಂದ ಹೊರಟು, 295257526626031ರ ಶೇಷ ತೆಗೆಯುತ್ತಾ 31 ಬಾರಿ ವರ್ಗ ಮಾಡಿ. ಮತ್ತೆ 2ಕ್ಕೇ ಬಂದು ನಿಲ್ಲುತ್ತೀರಿ.

ತುಂಟಶೂನ್ಯ
ಅರವತ್ತನಾಲ್ಕು ಕೋಟಿ ಅಂಕಿಗಳ ಸಂಖ್ಯೆಯನ್ನು 31 ಗುಣಾಕಾರಗಳಲ್ಲಿ ಕೆಡವಿದಿರಿ. ಆಸೆ ಹೋಯಿತು, ಬೇಸರವಿಲ್ಲ.

ಎಣಿಕೆಗಾರ
ಎಲ್ಲರೂ ಮೇಲಕ್ಕೆ ಹೋಗುತ್ತಿದ್ದೀರಿ, ನಾನು ಕೆಳಗೇ ಉಳಿದು ಆಯ್ಲರ್‌ನ ಪಟ್ಟಿಯನ್ನು ಕೈಯಿಂದ ಮಾಡಲು ಕುಳಿತಿದ್ದೇನೆ. 2481ರವರೆಗೆ, 63 ಬಿಟ್ಟು, ಎರಡೂ ಸಾಲುಗಳಲ್ಲಿ 19 ಸಂಖ್ಯೆಗಳಿವೆ. ಅವುಗಳಲ್ಲಿ ನಿಜಕ್ಕೂ ಭಾಗಿಸಬೇಕಾದ ಅವಿಭಾಜ್ಯಗಳು ಮೂರೇ: 311, 1303, 1489. ಉದ್ದ ಭಾಗಾಕಾರ ಬೇಕಿಲ್ಲವೆಂದು ಈಗ ತಿಳಿದಿದೆ. 1489ಕ್ಕೆ ಹೀಗೆ ಮಾಡಿದೆ: 2¹⁰ ಎಂದರೆ 1024. ಅದರ ವರ್ಗದ ಶೇಷ 320, ಅದು 2²⁰. ಅದನ್ನು 1024ರಿಂದ ಗುಣಿಸಿದರೆ ಶೇಷ 100, ಅದು 2³⁰. ಎರಡರಿಂದ ಗುಣಿಸಿ ಒಂದು ಕಳೆದರೆ 199. ಸೊನ್ನೆಯಲ್ಲ, ಮುಂದಕ್ಕೆ.

311ಕ್ಕೆ ಶೇಷ 35, 1303ಕ್ಕೆ 226. ಯಾರಾದರೂ ಸರಿನೋಡುತ್ತೀರಾ?

ಶೇಷಪ್ಪ
ಮೂರೂ ಸರಿ. ಮುಂದಿನದು 2543, ಅದನ್ನು ನಾನು ಮಾಡಿದ್ದೇನೆ, ಶೇಷ 1523. 2729 ನಿಮಗೆ.